ರಿಯಾಯಿತಿಯ ಅತಿಥಿ

ಅಗ್ಗಕ್ಕೆ ಕೊಂಡದ್ದರಲ್ಲಿ ದೋಷ ಕಂಡರೆ ದೂರುವ ಹಕ್ಕು ಕೊಂಡವನಿಗೆ ಉಂಟೇ? ಹೋದ ವರ್ಷದ ಕಾರ್ತಿಕದಲ್ಲಿ ಈ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಎಚ್ಚರವಾಗಿಟ್ಟಿತು. ಹಾಸಿಗೆಯ ತಿಗಣೆಗಳೂ ಅದಕ್ಕೆ ನೆರವಾದವು.

ಗೂಳೂರಿನ ಮಹಾಗಣಪತಿಯನ್ನು ನೋಡಬೇಕೆಂಬುದು ನನ್ನ ಹೆಂಡತಿಯ ಬಹುದಿನದ ಆಸೆ. ತುಮಕೂರಿನಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಕುಣಿಗಲ್ ರಸ್ತೆ ಹಿಡಿದು ಹೋಗುವುದೆಂದು ಗೊತ್ತುಮಾಡಿದೆವು. 2,000 ರೂಪಾಯಿಯ ಕೋಣೆಯನ್ನು ಮೊಬೈಲಿನಲ್ಲಿ ಹುಡುಕಿ 800ಕ್ಕೆ ಹಿಡಿದ ನನ್ನ ಜಾಣತನವನ್ನು ದಾರಿಯುದ್ದಕ್ಕೂ ಅವಳಿಗೆ ಬಣ್ಣಿಸಿದ್ದೆ. ಬಾಗಿಲು ತೆರೆದೊಡನೆ ಬಣ್ಣನೆ ನಿಂತಿತು. ಚಿತ್ರದಲ್ಲಿದ್ದ ಕಿಟಕಿ ಗೋಡೆಯಲ್ಲಿರಲಿಲ್ಲ. ಹಾಸಿನ ಮೇಲೆ ಹಿಂದೆ ಮಲಗಿದ್ದವರ ಗುರುತು ಹಾಗೆಯೇ ಇತ್ತು.

“ಆಫರ್‌ನಲ್ಲಿ ಬಂದಿದ್ದೀರಲ್ಲ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದರು ಮ್ಯಾನೇಜರು.

ನನ್ನ ಬಾಯಿ ಕಟ್ಟಿತು. ಕಡಿಮೆ ಕೊಟ್ಟವನು ಕಡಿಮೆ ಕೇಳಬೇಕು ಎಂಬುದು ಮೇಲುನೋಟಕ್ಕೆ ನ್ಯಾಯವೇ. ಆದರೆ ಯೋಚಿಸಿ ನೋಡಿ. ಕೋಣೆ ಚಿಕ್ಕದಿರಲಿ, ದೀಪ ಮಂಕಾಗಿರಲಿ; ಅದು ಬೆಲೆಗೆ ತಕ್ಕ ಸೌಕರ್ಯ. ತೊಳೆದ ಹಾಸು ಸೌಕರ್ಯವಲ್ಲ, ಮರ್ಯಾದೆ. ಇಲ್ಲದ ಕಿಟಕಿಯನ್ನು ತೋರಿಸದಿರುವುದು ಸತ್ಯ. ಇವಕ್ಕೆ ರಿಯಾಯಿತಿ ದರ ಉಂಟೇ? 2019ರ ಗ್ರಾಹಕರ ಸಂರಕ್ಷಣಾ ಕಾಯಿದೆ ಕೂಡ ಉಚಿತ ಸೇವೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆಯೇ ಹೊರತು ಅಗ್ಗದ ಸೇವೆಯನ್ನಲ್ಲ. ಇನ್ನು ಧರ್ಮದ ಮಾತೆಂದರೆ, ಅದೇ ತುಮಕೂರಿನ ಸಿದ್ಧಗಂಗೆಯಲ್ಲಿ ಬಿಡಿಗಾಸಿಲ್ಲದೆ ಬಂದವನಿಗೂ ದಾಸೋಹದಲ್ಲಿ ಎಲ್ಲರಂತೆಯೇ ಊಟ. ಏನನ್ನೂ ಕೊಡದವನಿಗೆ ಅಲ್ಲಿ ಸಲ್ಲುವ ಆದರ, 800 ರೂಪಾಯಿ ಕೊಟ್ಟವನಿಗೆ ಇಲ್ಲಿ ಸಲ್ಲಬಾರದೇ?

ಹೀಗೆ ವಾದವನ್ನು ಗೆದ್ದು ದೂರು ಬರೆಯಲು ಕುಳಿತೆ. ಅಷ್ಟರಲ್ಲಿ ರೂಮ್ ಬಾಯ್ ಎಲ್ಲಿಂದಲೋ ಒಗೆದ ಹಾಸೊಂದನ್ನು ತಂದ. ರಾತ್ರಿ ಹನ್ನೊಂದು ದಾಟಿತ್ತು. “ಇಪ್ಪತ್ತು ರೂಮಿಗೂ ನಾನೊಬ್ಬನೇ ಸಾರ್. ನೀವು ಬರೆದರೆ ನನ್ನ ಸಂಬಳದಲ್ಲಿ ಹಿಡೀತಾರೆ” ಎಂದ.

ನನಗೆ ಬಿಟ್ಟುಕೊಟ್ಟ 1,200 ರೂಪಾಯಿ ಎಲ್ಲಿಂದ ಬಂತೆಂದು ನಾನು ಕೇಳಿಯೇ ಇರಲಿಲ್ಲ. ಅದರಲ್ಲೊಂದು ಪಾಲು ಈ ಹುಡುಗನ ನಿದ್ದೆಯಿಂದ ಬಂದಿರಬಹುದೆಂಬುದು ಆಗ ಹೊಳೆಯಿತು. “ಅವನ ಹೆಸರೇನಂತೆ, ಕೇಳಿದಿರಾ?” ಎಂದಳು ಹೆಂಡತಿ. ಕೇಳಿರಲಿಲ್ಲ. ಮರ್ಯಾದೆಯ ವಿಷಯದಲ್ಲಿ ನಾನೂ ರಿಯಾಯಿತಿ ತೋರಿಸಿದ್ದೆ.

ಮರುದಿನ ಗೂಳೂರಿನಲ್ಲಿ ಗಣಪತಿಯ ಮುಂದೆ ನಿಂತೆವು. ಭಾದ್ರಪದದ ಚೌತಿಯಂದು ಮಣ್ಣಿಗೆ ಪೂಜೆ ಮಾಡಿ ಕೆಲಸ ಹಿಡಿದರೆ, ಮೂರ್ತಿಗೆ ಪೂಜೆ ತೊಡಗುವುದು ಬಲಿಪಾಡ್ಯಮಿಗೆ. ತಿಂಗಳು ಕಳೆದ ಮೇಲೆ ಊರ ಕೆರೆಯಲ್ಲಿ ವಿಸರ್ಜನೆ. ಕೆಲವೇ ದಿನ ಇದ್ದು ನೀರಿಗೆ ಹೋಗುವವನು. ಆದರೂ ಕರಗುವ ಮಣ್ಣೇ ತಾನೇ ಎಂದು ಯಾರೂ ಅವನ ಕಣ್ಣನ್ನು ಅರೆಬರೆ ಬರೆದಿಲ್ಲ. ಒಂದು ರಾತ್ರಿ ಇದ್ದು ಹೋಗುವ ಅತಿಥಿಗೂ, ಅವನಿಗೆ ಹಾಸು ತರುವ ಹುಡುಗನಿಗೂ ಅಷ್ಟು ಸಲ್ಲಬೇಡವೇ?

ಊರಿಗೆ ಬಂದು ದೂರನ್ನು ಬರೆದೇ ಕಳಿಸಿದೆ. ಕಿಟಕಿಯ ಸುಳ್ಳನ್ನೂ ಕೊಳೆಯ ಹಾಸನ್ನೂ ಬಿಡಲಿಲ್ಲ. ಜೊತೆಗೆ, ಇಪ್ಪತ್ತು ಕೋಣೆಗೆ ಒಬ್ಬನನ್ನೇ ಇಟ್ಟ ತಪ್ಪು ಆ ಒಬ್ಬನದಲ್ಲವೆಂದೂ ಬರೆದೆ. ಉತ್ತರ ಬಂತು: ಮುಂದಿನ ಸಲ ಬಂದರೆ ಇನ್ನಷ್ಟು ರಿಯಾಯಿತಿಯಂತೆ!