ಸೋಮವಾರದ ಸಂತೋಷ

ನಮ್ಮ ಜಪಸರಕ್ಕೆ ವಾರದ ಕಟ್ಟುಪಾಡಿದೆ. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಹಿಂದೆ ಗುರುವಾರವೂ ಸಂತೋಷದ್ದೇ ಆಗಿತ್ತು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಬೆಳಕಿನ ರಹಸ್ಯಗಳನ್ನು ಸೇರಿಸಿ ಆ ದಿನವನ್ನು ಅವಕ್ಕೆ ಕೊಟ್ಟರು. ಎಲ್ಲವೂ ಶಾಲೆಯ ವೇಳಾಪಟ್ಟಿಯ ಹಾಗೆ. ಸೋಮವಾರ ಮೊದಲ ಪೀರಿಯಡ್ ಗಣಿತವೆಂದರೆ ಗಣಿತವೇ. ಮಕ್ಕಳಿಗೆ ಮನಸ್ಸಿದೆಯೇ ಎಂದು ಯಾರೂ ಕೇಳುವುದಿಲ್ಲ.

ಆದರೆ ಸಂತೋಷವನ್ನೂ ವೇಳಾಪಟ್ಟಿಯಲ್ಲಿ ಹಾಕಬಹುದೇ?

ಈ ಪ್ರಶ್ನೆ ನನಗೆ ಎದುರಾದದ್ದು 2018ರಲ್ಲಿ, ನಮ್ಮ ಯಜಮಾನರು ತೀರಿಕೊಂಡಾಗ. ಸೋಮವಾರ ಮಧ್ಯಾಹ್ನ ಸಮಾಧಿ ಮಾಡಿ ಬಂದೆವು. ಸಂಜೆ ಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ ಹತ್ತು ಹದಿನೈದು ಜನ ಕೂತು ಜಪಸರ ಹಿಡಿದರು. ಹಿರಿಯರೊಬ್ಬರು ಅಭ್ಯಾಸಬಲದಿಂದ ಸಂತೋಷದ ಮೊದಲನೆಯ ರಹಸ್ಯವೆಂದು ಶುರುಮಾಡಿಬಿಟ್ಟರು. ನನಗೆ ರೇಗಿತು. ಎದ್ದು ಅಡಿಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಇಲ್ಲದ ಸಂತೋಷವನ್ನು ದೇವರ ಮುಂದೆ ಹೇಳುವುದು ಸುಳ್ಳಲ್ಲವೇ? ಸುಳ್ಳು ಹೇಳಬೇಡಿ ಎಂದು ಇಪ್ಪತ್ತೈದು ವರ್ಷ ಮಕ್ಕಳಿಗೆ ಹೇಳಿದ ಬಾಯಿ ಇದು.

ಆಮೇಲೆ ಬಹಳ ದಿನ ನಾನು ಜಪಸರ ಮುಟ್ಟಲಿಲ್ಲ. ಕಾರಣ ಬರೀ ಕೋಪವಲ್ಲ. ತಿಳಿಯದವರಿಗೆ ಹೇಳುತ್ತೇನೆ: ನಮೋ ಮರಿಯ ಪ್ರಾರ್ಥನೆಯನ್ನು ಮನೆಗಳಲ್ಲಿ ಎರಡು ಪಾಲು ಮಾಡಿ ಹೇಳುತ್ತೇವೆ. ಒಬ್ಬರು ಮೊದಲರ್ಧ, ಉಳಿದವರು ಕೊನೆಯರ್ಧ. ಹೀಗೆ 53 ಸಲ. ನಮ್ಮ ಮನೆಯಲ್ಲಿ ಮೊದಲರ್ಧ ಅವರದು. ಒಬ್ಬಳೇ ಕೂತರೆ ಎರಡನ್ನೂ ನಾನೇ ಹೇಳಬೇಕು. ಬಾಯಿ ಸುಮ್ಮನೆ ಕಾಯುತ್ತಾ ಇದ್ದುಬಿಡುತ್ತಿತ್ತು.

ಮಹಡಿಯ ಕೋಣೆಯನ್ನು ಗಾರ್ಮೆಂಟ್ಸ್ ಹುಡುಗಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಡೆಯವಳು. ಯೇಸುಸ್ವಾಮಿಯ ಪಾಡಿನ ನಾಟಕಕ್ಕೆ ಹೆಸರಾದ ಊರು ಅದು. ಒಂದು ಸಂಜೆ ಬಾಡಿಗೆ ಕೊಡಲು ಬಂದವಳು ಪೀಠದ ಮೇಲಿದ್ದ ಜಪಸರ ನೋಡಿ, "ಹೇಳೋಣವಾ ಟೀಚರ್? ರೂಮಲ್ಲಿ ಒಬ್ಬಳೇ ಹೇಳಿದ್ರೆ ನಿದ್ದೆ ಬಂದ್ಬಿಡುತ್ತೆ" ಎಂದಳು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ನಿದ್ದೆ ಬಾರದೆ ಇನ್ನೇನು! ಅವಳೇ ಶುರುಮಾಡಿದಳು. ಊರಿನ ರಾಗ, ಕಡೆಯ ಬಸ್ಸು ಹಿಡಿಯುವವರ ವೇಗ. ಅದು ಸೋಮವಾರವೋ ಶನಿವಾರವೋ ನೆನಪಿಲ್ಲ, ಸಂತೋಷದ ರಹಸ್ಯಗಳಂತೂ ಹೌದು.

ಆ ಸಂಜೆ ಅವುಗಳನ್ನು ಕಿವಿಗೊಟ್ಟು ಕೇಳಿದೆ. ಐದರಲ್ಲಿ ನಿರಾಳವಾದ ಸಂತೋಷ ಒಂದೂ ಇಲ್ಲ. ದೇವದೂತನ ಮಾತಿಗೆ ಮರಿಯಮ್ಮನವರು ಮೊದಲು ಕಳವಳಗೊಂಡರು. ಮೂರನೆಯದರಲ್ಲಿ ಛತ್ರದಲ್ಲಿ ಜಾಗವಿಲ್ಲ. ನಾಲ್ಕನೆಯದರಲ್ಲಿ ಕೂಸನ್ನು ದೇವಾಲಯಕ್ಕೆ ಕೊಂಡೊಯ್ದರೆ, ಸಿಮೆಯೋನನು ತಾಯಿಯ ಹೃದಯವನ್ನೂ ಅಲಗು ತಿವಿಯುವುದೆಂದು ಹೇಳಿ ಕಳಿಸುತ್ತಾನೆ. ಐದನೆಯದರಲ್ಲಿ ಹನ್ನೆರಡು ವರ್ಷದ ಮಗ ಮೂರು ದಿನ ಕಾಣೆ. ಶಾಲೆಯ ಪ್ರವಾಸದಲ್ಲಿ ಒಂದು ಮಗು ಅರ್ಧ ಗಂಟೆ ಕಾಣದೆಹೋದರೆ ಏನಾಗುತ್ತದೆಂದು ನನಗೆ ಗೊತ್ತು. ಇವುಗಳಿಗೆ ಸಂತೋಷವೆಂದು ಹೆಸರಿಟ್ಟವರು ದುಃಖ ತಿಳಿಯದವರೇನೂ ಅಲ್ಲ.

ಎರಡನೆಯದನ್ನು ಬೇಕೆಂದೇ ಬಿಟ್ಟೆ. ಮರಿಯಮ್ಮನವರು ಬೆಟ್ಟದ ಸೀಮೆಗೆ ಅವಸರದಿಂದ ಹೋಗಿ ಎಲಿಜಬೇತಮ್ಮನ ಮನೆ ಹೊಗುತ್ತಾರೆ. ಅವರ ಸ್ತುತಿಗೀತೆ ಹೊರಡುವುದು ನಜರೇತಿನ ಸ್ವಂತ ಮನೆಯಲ್ಲಲ್ಲ. ಇಲ್ಲಿ, ಆ ಇನ್ನೊಬ್ಬಾಕೆ ಮಾತಾಡಿದ ಮೇಲೆ. ಸಂತೋಷ ಮೊದಲು ನಮಗೆ ಬರಬೇಕು, ಆಮೇಲೆ ಹಂಚಬೇಕು ಎಂದು ನಾನು ತಿಳಿದಿದ್ದೆ. ಸಂತ ಲೂಕರ ಕಥೆಯಲ್ಲಿ ಅದಕ್ಕೆ ಬಾಯಿ ಬಂದದ್ದೇ ಹೊರಟು ಹೋದ ಕಡೆಯಲ್ಲಿ.

ಹಾಗೆಂದು ದಿನವೂ ಮನಸ್ಸು ತುಂಬಿಬರುತ್ತದೆಂದು ಹೇಳಿದರೆ ಅದೂ ಸುಳ್ಳೇ. ಎಷ್ಟೋ ಸಂಜೆ ಬೆರಳು ಮಣಿಯ ಮೇಲೆ, ಮನಸ್ಸು ತಿದ್ದದ ಉತ್ತರಪತ್ರಿಕೆಗಳ ಮೇಲೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಚರ್ಚು, ಕಾರ್ಖಾನೆ ಎಲ್ಲ ಮುಚ್ಚಿದವು. ಅವಳು ಊರಿಗೆ ಹೋದವಳು ಮತ್ತೆ ಬರಲಿಲ್ಲ, ಅಲ್ಲೇ ಮದುವೆಯಾಯಿತು. ಈಗಲೂ ಸೋಮವಾರ ರಾತ್ರಿ ಎಂಟಕ್ಕೆ ಫೋನು ಮಾಡುತ್ತಾಳೆ. ಹೊಸೂರು ರಸ್ತೆಯ ಸದ್ದಿಗೆ ನಾನು ಕಿಟಕಿ ಮುಚ್ಚಿ ಕೂರುತ್ತೇನೆ. ಅವಳ ಮಗು ಅಳುತ್ತದೆ, ನಡುವೆ ಲೈನು ಕಡಿಯುತ್ತದೆ. ಎಷ್ಟನೆಯ ಮಣಿಗೆ ಬಂದಿದ್ದೆವೆಂದು ಇಬ್ಬರಿಗೂ ಮರೆತು, ಒಮ್ಮೊಮ್ಮೆ ಆ ಹತ್ತನ್ನೂ ಮೊದಲಿನಿಂದ ಹೇಳುತ್ತೇವೆ.