ಕೊಂಡ ನಾಯಿ, ಕಂಡ ನಾಯಿ

ಮನೆಗೊಂದು ನಾಯಿ ಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಬೇಡವೆನ್ನಲು ನನಗೆ ಬಾಯಿಲ್ಲ. ನಾಯಿಯೆಂದರೆ ನನಗೂ ಪ್ರೀತಿಯೇ. ತಕರಾರು ಹುಟ್ಟಿದ್ದು ಅದನ್ನು ಎಲ್ಲಿಂದ ತರಬೇಕೆಂಬಲ್ಲಿ. ನಮ್ಮ ಕಾಲೇಜಿನ ಇತಿಹಾಸದ ಮೇಷ್ಟರು, "ಜಾತಿ ನಾಯಿಯನ್ನೇ ತನ್ನಿ, ತಾಯಿ ತಂದೆ ಗೊತ್ತಿರುತ್ತದೆ, ಗುಣವೂ ಗೊತ್ತಿರುತ್ತದೆ" ಎಂದರು. ಮಗಳು, "ಜೀವವನ್ನು ಕಾಸು ಕೊಟ್ಟು ಕೊಳ್ಳುವುದೇನಪ್ಪಾ? ಆಶ್ರಯಧಾಮದಲ್ಲಿ ಅಷ್ಟೊಂದು ನಾಯಿಗಳಿಲ್ಲವೆ?" ಎಂದಳು. ಇಬ್ಬರ ಮಾತೂ ಸರಿಯೆನ್ನಿಸಿತು. ಹಾಗೆ ಎನ್ನಿಸಿದಾಗಲೇ ಅಲ್ಲವೆ, ಮನುಷ್ಯ ವಿಚಾರ ಮಾಡಬೇಕಾಗುವುದು?

ಮೇಷ್ಟರ ಪಕ್ಷವನ್ನು ಮೊದಲು ನೋಡೋಣ. ನಮ್ಮ ಮುಧೋಳದ ನಾಯಿಯೇ ಇದೆ. ನೀಳವಾದ ಕಾಲು, ಒಳಸೆಳೆದ ಹೊಟ್ಟೆ, ಬಾಣದಂಥ ಓಟ. ತಲೆಮಾರುಗಳಿಂದ ಆ ತಳಿಯನ್ನು ಜತನವಾಗಿ ಬೆಳೆಸಿದವರು ಇಲ್ಲದಿದ್ದರೆ ಅದು ಇಂದು ಉಳಿಯುತ್ತಿರಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವೊಂದಿದೆ. ಆದ್ದರಿಂದ ತಳಿ ಬೆಳೆಸುವುದೇ ಪಾಪವೆನ್ನುವುದು ಅವಸರದ ಮಾತು. ಆದರೆ ಬಯಲಿನಲ್ಲಿ ಓಡಲೆಂದು ಹುಟ್ಟಿದ್ದನ್ನು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವ ನನ್ನಂಥವನಿಗೆ ಆ ವಾದದ ನೆರಳು ಸಲ್ಲದು.

ಮಾರುವವರಲ್ಲಿಯೂ ಎರಡು ಬಗೆ. 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳಂತೆ ಅವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಹೆಣ್ಣು ನಾಯಿಯಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಪಡೆಯಬಾರದು. ಒಳ್ಳೆಯವನು ತಾಯಿನಾಯಿಯನ್ನು ತಾನಾಗಿ ತೋರಿಸುತ್ತಾನೆ, ನಿಮ್ಮನ್ನೇ ನಾಲ್ಕು ಪ್ರಶ್ನೆ ಕೇಳುತ್ತಾನೆ, ಸಾಕಲಾಗದಿದ್ದರೆ ನನಗೇ ಹಿಂದಿರುಗಿಸಿ ಎನ್ನುತ್ತಾನೆ. ಉಳಿದವರು ಮರಿಯ ಬೆಲೆಯನ್ನು ಮಾತ್ರ ಹೇಳುತ್ತಾರೆ. ನಾವೋ, ಮರಿಯ ಕಣ್ಣಿಗೆ ಮರುಳಾಗಿ, ಹಿತ್ತಲ ಗೂಡಿನಲ್ಲಿ ಬತ್ತಿ ಮಲಗಿರುವ ತಾಯಿಯನ್ನು ಮರೆಯುತ್ತೇವೆ. ನಾವು ಕೊಟ್ಟ ಹಣ ಈ ಮರಿಯ ಬೆಲೆ ಮಾತ್ರವಲ್ಲ, ಆ ತಾಯಿಯ ಮುಂದಿನ ಸೂಲಿಗೆ ಕೊಟ್ಟ ಮುಂಗಡ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷಗಳ ಹಿಂದೆ, ಹೊಸ ಕೆಲಸದ ಹುರುಪಿನಲ್ಲಿ, ಬಿಳಿಯ ಪಾಮೆರೇನಿಯನ್ ಮರಿಯೊಂದನ್ನು ಕೊಂಡು ತಂದೆ. ಎರಡು ವರ್ಷಕ್ಕೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿ ಮನೆಯ ಮಾಲೀಕರು ನಾಯಿ ಕೂಡದೆಂದರು. ಇನ್ನೊಂದು ಮನೆ ಹುಡುಕಬಹುದಾಗಿತ್ತು, ಹುಡುಕಲಿಲ್ಲ. ಪರಿಚಯದವರೊಬ್ಬರಿಗೆ ಕೊಟ್ಟುಬಂದೆ. ಕೆಲವು ತಿಂಗಳ ಮೇಲೆ ವಿಚಾರಿಸಿದಾಗ, "ಎಲ್ಲೋ ಹೊರಟುಹೋಯಿತು ಸಾರ್" ಎಂದರು. ಎಲ್ಲಿಗೆಂದು ಕೇಳುವ ಮುಖ ನನಗಿರಲಿಲ್ಲ. ಆಶ್ರಯಧಾಮಗಳಲ್ಲಿರುವುದು ಬೀದಿಯಲ್ಲಿ ಹುಟ್ಟಿದ ನಾಯಿಗಳು ಮಾತ್ರವೆಂದುಕೊಂಡಿದ್ದೆ. ಕೊಂಡು ತಂದು ಕೈಬಿಟ್ಟವೂ ಅಲ್ಲಿವೆ. ಅವನ್ನು ಅಲ್ಲಿಗೆ ಕಳಿಸಿದವರು ದುಷ್ಟರೇನಲ್ಲ, ನನ್ನಂಥವರು.

ಹಾಗೆಂದು ಮಗಳ ಪಕ್ಷದಲ್ಲಿ ಅಪಾಯವಿಲ್ಲದೆ ಇಲ್ಲ. ಒಂದು ಸಂಜೆಯ ಕನಿಕರದಿಂದ ತಂದ ನಾಯಿ ಪೊರಕೆ ಕಂಡರೆ ಮಂಚದ ಕೆಳಗೆ ನುಗ್ಗಬಹುದು. ತಿಂಗಳುಗಟ್ಟಲೆ ನಮ್ಮನ್ನು ನಂಬದೆ ಇರಬಹುದು. ಉಪಕಾರ ಮಾಡಿದೆನೆಂಬ ಬಿಂಕದವನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅವನು ಕೃತಜ್ಞತೆಯನ್ನು ಎದುರುನೋಡುತ್ತಾನೆ.

ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಬಂದ ನಾಯಿಯ ಕುಲವನ್ನು ಯಾರೂ ಕೇಳಲಿಲ್ಲ. ಅವನು ಅದನ್ನು ಕೊಂಡದ್ದೂ ಅಲ್ಲ, ಉದ್ಧರಿಸಲೆಂದು ಕರೆತಂದದ್ದೂ ಅಲ್ಲ. ಇಂದ್ರನ ರಥ ಎದುರಿಗೆ ನಿಂತಾಗ, ನಂಬಿ ಬಂದದ್ದನ್ನು ಬಿಟ್ಟು ಹತ್ತಲಾರೆನೆಂದ, ಅಷ್ಟೆ. ಧರ್ಮವಿದ್ದದ್ದು ತರುವುದರಲ್ಲಿ ಅಲ್ಲ, ಬಿಡದಿರುವುದರಲ್ಲಿ.

ಹಾಗಾದರೆ ಎಲ್ಲಿಂದ ತಂದರೂ ಒಂದೇ ಅಲ್ಲವೆ ಎಂದು ಮೇಷ್ಟರು ಕೇಳಿದರು. ಒಂದೇ ಅಲ್ಲ. ಕುರಿ ಕಾಯುವವನಿಗೋ ಬೇಟೆನಾಯಿಯ ತಳಿ ಉಳಿಸುವವನಿಗೋ ಇಂಥದೇ ನಾಯಿ ಬೇಕಾದೀತು. ಅವನು ತಾಯಿಯನ್ನು ನೋಡಿ ಕೊಳ್ಳಲಿ. ನನಗೆ ಬೇಕಾದದ್ದು ಜೊತೆ ಮಾತ್ರ. ಜೊತೆಗಾಗಿ ಹೊಸ ಜೀವವೊಂದನ್ನು ಹುಟ್ಟಿಸಬೇಕಾಗಿಲ್ಲ. ಒಮ್ಮೆ ಬಿಟ್ಟುಹೋದವರ ದಾರಿ ನೋಡುತ್ತಿರುವ ಜೀವಕ್ಕೆ ಮೊದಲ ಹಕ್ಕು.

ಬರುವ ಭಾನುವಾರ ಮಗಳೊಡನೆ ಆಶ್ರಯಧಾಮಕ್ಕೆ ಹೋಗುತ್ತೇನೆ. ಮನೆಯ ಮಾಲೀಕರ ಒಪ್ಪಿಗೆಯನ್ನು ಈ ಸಲ ಮೊದಲೇ ಕೇಳಿಕೊಂಡಿದ್ದೇನೆ. ನನಗೀಗ ನಲವತ್ತಾರು. ನಾಯಿ ಹನ್ನೆರಡು ಹದಿಮೂರು ವರ್ಷ ಬಾಳೀತು. ಮಗಳು ಓದಿಗೋ ಕೆಲಸಕ್ಕೋ ಊರು ಬಿಟ್ಟಮೇಲೂ ಅದಕ್ಕೆ ಅನ್ನ ಹಾಕಬೇಕಾದವನು ನಾನೇ ಎಂಬುದನ್ನು ಲೆಕ್ಕ ಹಾಕಿಯೇ ಹೊರಟಿದ್ದೇನೆ.