ಒಬ್ಬಳಿಗಷ್ಟೇ ಅಭಯ: ರಕ್ತಪಿಪಾಸು ಪ್ರೇಮಿಯೂ ಹಿಂಸೆಯ ಪ್ರಶ್ನೆಯೂ

ಮನುಷ್ಯರ ನೆತ್ತರನ್ನು ಹೀರಿ ಬದುಕುವ ಜೀವಿಯೊಂದು ಮನುಷ್ಯರಲ್ಲೇ ಒಬ್ಬಳನ್ನು ಪ್ರೀತಿಸಿ ಅವಳನ್ನು ಕೊಲ್ಲದೆ ಬಿಟ್ಟರೆ ಅದನ್ನು ಧರ್ಮವೆನ್ನಬಹುದೇ ಎಂಬುದು ಮೇಲ್ನೋಟಕ್ಕೆ ಹರೆಯದವರ ಕಾದಂಬರಿಗಳಿಗಷ್ಟೇ ಸಲ್ಲುವ ಪ್ರಶ್ನೆಯಾಗಿ ಕಾಣುತ್ತದೆಯಾದರೂ, ಹಿಂಸೆ, ಸಂಯಮ, ಕರುಣೆಗಳನ್ನು ಕುರಿತು ಭಾರತೀಯ ದರ್ಶನಗಳು ಬಹುಕಾಲದಿಂದ ನಡೆಸಿಕೊಂಡು ಬಂದ ಚರ್ಚೆಯಲ್ಲೇ ಅದರ ಬೇರುಗಳಿವೆ. ಸತ್ತ ಮೇಲೂ ಸಾಯದೆ ಉಳಿದು, ಬದುಕಿರುವವರ ರಕ್ತವನ್ನೇ ಆಹಾರ ಮಾಡಿಕೊಂಡ ಪಿಶಾಚಿಯನ್ನು ಯುರೋಪಿನ ಜನಪದರು ವ್ಯಾಂಪೈರ್ ಎಂದು ಕರೆದರು. 1819ರಲ್ಲಿ ಪ್ರಕಟವಾದ ಜಾನ್ ಪೋಲಿಡೋರಿಯ ಕಥೆಯಿಂದ 1897ರ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ದವರೆಗೆ ಈ ಪಿಶಾಚಿ ಭಯಕ್ಕೂ ಸಂಹಾರಕ್ಕೂ ಪಾತ್ರವಾಗಿತ್ತು, 1976ರಲ್ಲಿ ಆ್ಯನ್ ರೈಸ್ ಅದಕ್ಕೆ ಪಶ್ಚಾತ್ತಾಪವನ್ನು ಕೊಟ್ಟರೆ, 2005ರ ‘ಟ್ವೈಲೈಟ್’ ಕಾದಂಬರಿಯಲ್ಲಿ ಸ್ಟೆಫೆನಿ ಮೇಯರ್ ಅದನ್ನು ಆದರ್ಶ ಪ್ರೇಮಿಯ ಸ್ಥಾನಕ್ಕೇ ಏರಿಸಿದರು. ಆ ಸರಣಿಯ ನಾಲ್ಕನೆಯ ಪುಸ್ತಕ 2008ರಲ್ಲಿ ಬರುವ ಹೊತ್ತಿಗೆ ಜಗತ್ತಿನ ಓದುಗರು ಅದರ ನಾಯಕ ಎಡ್ವರ್ಡನ ಪರ ಮತ್ತು ವಿರೋಧವಾಗಿ ಎರಡು ಪಾಳೆಯಗಳಾಗಿ ಒಡೆದಿದ್ದರು.

ಮೆಚ್ಚಿದವರ ವಾದಕ್ಕೆ ಬಲವಿಲ್ಲದಿಲ್ಲ. ಎಡ್ವರ್ಡನೂ ಅವನ ಸಾಕುತಂದೆ ಕಾರ್ಲೈಲನೂ ಮನುಷ್ಯರನ್ನು ಮುಟ್ಟದೆ ಕಾಡುಪ್ರಾಣಿಗಳ ರಕ್ತದಿಂದಲೇ ಬದುಕುವ ವ್ರತ ಹಿಡಿದವರು. ನಾಯಕಿ ಬೆಲ್ಲಾಳ ರಕ್ತದ ವಾಸನೆ ಮಿಕ್ಕೆಲ್ಲರ ರಕ್ತಕ್ಕಿಂತ ಹೆಚ್ಚಾಗಿ ಅವನನ್ನು ಸೆಳೆಯುತ್ತದೆ. ಆದರೂ ಅವನು ಅವಳ ಪಕ್ಕದಲ್ಲೇ ಕುಳಿತು ತನ್ನನ್ನು ತಡೆದುಕೊಳ್ಳುತ್ತಾನೆ. ಬಯಕೆ ಇಷ್ಟು ತೀವ್ರವಾಗಿರುವಾಗಲೂ ಅದನ್ನು ಗೆಲ್ಲುವವನಲ್ಲವೇ ನಿಜವಾದ ಪ್ರೇಮಿ ಎಂದು ಈ ಓದುಗರು ಕೇಳುತ್ತಾರೆ. ಲೇಖಕಿ ಮಾರ್ಮನ್ ಪಂಥದ ಶ್ರದ್ಧಾವಂತೆಯಾದ್ದರಿಂದ, ಮದುವೆಗೆ ಮುಂಚಿನ ಸಂಯಮದ ಧಾರ್ಮಿಕ ಆದರ್ಶವೇ ಇಲ್ಲಿ ರಕ್ತದ ಬಾಯಾರಿಕೆಯ ರೂಪ ತಾಳಿದೆಯೆಂದು ಗುರುತಿಸಿದವರೂ ಉಂಟು. ಒಪ್ಪದವರು ಬೇರೆ ಸಂಗತಿಗಳತ್ತ ಬೆರಳು ಮಾಡುತ್ತಾರೆ: ಅವನು ಅವಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ನಿದ್ದೆಯಲ್ಲಿರುವವಳನ್ನು ನೋಡುತ್ತಾ ಕೂರುತ್ತಾನೆ, ಅವಳು ಯಾರನ್ನು ಕಾಣಬೇಕು, ಯಾರನ್ನು ಕಾಣಬಾರದು ಎಂಬುದನ್ನು ತಾನೇ ನಿರ್ಧರಿಸುತ್ತಾನೆ, ಕೊಲ್ಲಬಲ್ಲವನು ಕೊಲ್ಲದಿರುವುದನ್ನೇ ಉಪಕಾರವೆಂದು ಹೆಣ್ಣು ಎಣಿಸತೊಡಗಿದರೆ ಅವಳ ಬದುಕು ಅವನ ದಯೆಯ ಮೇಲೆ ನಿಂತಂತಾಗುತ್ತದೆ. ಈ ಆಕ್ಷೇಪಣೆ ನ್ಯಾಯವಾದುದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎರಡೂ ಪಾಳೆಯಗಳು ಕಣ್ಣಿಟ್ಟಿರುವುದು ಆ ಇಬ್ಬರ ಮೇಲೆಯೇ. ಅವರ ಸಂಬಂಧದಿಂದ ಹೊರಗೆ ನಿಂತ ಜೀವಗಳ ಪಾಡೇನು ಎಂಬುದನ್ನು ಕೇಳಿದವರು ಕಡಿಮೆ.

ಈ ಪ್ರಶ್ನೆಯನ್ನು ಕೇಳಲು ತುಮಕೂರು ಸೀಮೆಯ ಮಧುಗಿರಿ, ಚನ್ನರಾಯನದುರ್ಗ, ನಿಡಗಲ್ಲುಗಳ ಬೆಟ್ಟದ ಸಾಲಿಗಿಂತ ತಕ್ಕ ನೆಲೆ ಸುಲಭಕ್ಕೆ ಸಿಗದು. ಏಕೆಂದರೆ ಒಂದು ಜೀವ ಮತ್ತೊಂದು ಜೀವದ ನೆತ್ತರಿನಿಂದ ಉಳಿಯುತ್ತದೆಂಬುದು ಇಲ್ಲಿನವರಿಗೆ ಕಲ್ಪನೆಯ ಮಾತಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕುರಿ ಸಾಕಣೆ ಹಲವು ಕುಟುಂಬಗಳ ಜೀವನಾಧಾರ. ಮುಳ್ಳಿನ ಬೇಲಿ ಕಟ್ಟಿದ ರೊಪ್ಪದಲ್ಲಿ ಕುರಿಗಳನ್ನು ಕೂಡಿ, ನಾಯಿಯನ್ನು ಕಾವಲಿಟ್ಟು, ಬೆಟ್ಟದಿಂದ ಇಳಿಯುವ ಚಿರತೆಗೆ ಅಂಜಿ ರಾತ್ರಿ ಕಳೆಯುವ ಕುರಿಗಾಹಿಯೇ ಹಬ್ಬದ ದಿನ ಅದೇ ರೊಪ್ಪದಿಂದ ಒಂದು ಟಗರನ್ನು ಹೊರಗೆ ಎಳೆದು ತರುತ್ತಾನೆ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಗುಡಿಯೂ ಇದೆ, ಜೈನರ ಮಲ್ಲಿನಾಥ ಬಸದಿಯೂ ಇದೆ. ಪಾವಗಡ ತಾಲ್ಲೂಕಿನ ನಿಡಗಲ್ಲಿನಲ್ಲಿ ಚೋಳವಂಶದ ಇರುಂಗೋಳನು ಆಳುತ್ತಿದ್ದ 13ನೆಯ ಶತಮಾನದಲ್ಲಿ ಪಾರ್ಶ್ವನಾಥನ ಬಸದಿಯೊಂದು ನಿರ್ಮಾಣವಾಯಿತೆಂದು ಶಾಸನ ತಿಳಿಸುತ್ತದೆ. ಬಲಿಯನ್ನು ಒಪ್ಪುವ ಗ್ರಾಮದೇವತೆಯ ಆರಾಧನೆಯೂ ಇರುವೆಯ ಜೀವಕ್ಕೂ ಮರುಗುವ ಜಿನಧರ್ಮವೂ ಒಂದೇ ಸೀಮೆಯಲ್ಲಿ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರದಲ್ಲಿ ಬಾಳಿವೆ.

ಬೇಟೆಗೆ ಬಂದವರು ಬೇಟೆಯನ್ನೇ ಮೋಹಿಸುವ ಕಥೆ ಕನ್ನಡಿಗರಿಗೆ ಮೇಯರ್ ಅವರಿಂದ ತಿಳಿಯಬೇಕಾದುದೇನಲ್ಲ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕವಿಗಳು ಹೇಳಿದ ಭಾರತದಲ್ಲಿ, ಕಾಡಿನಲ್ಲಿ ಮಲಗಿದ್ದ ಪಾಂಡವರ ವಾಸನೆ ಹಿಡಿದ ಹಿಡಿಂಬನು ಅವರನ್ನು ಕೊಂದು ತರಲು ತಂಗಿ ಹಿಡಿಂಬಿಯನ್ನು ಕಳುಹಿಸುತ್ತಾನೆ; ಕಾವಲಿಗೆ ಕುಳಿತ ಭೀಮನನ್ನು ಕಂಡೊಡನೆ ಅವಳು ಬಂದ ಕೆಲಸವನ್ನು ಮರೆತು, ಸುಂದರಿಯ ರೂಪ ತಾಳಿ, ಒಡಹುಟ್ಟಿದ ಅಣ್ಣನಿಗೇ ಎದುರಾಗುತ್ತಾಳೆ. ತುಮಕೂರು ಸೀಮೆಯ ಮೂಡಲಪಾಯ ಬಯಲಾಟದ ಮೇಳಗಳಿಗೆ ಭಾರತದ ಪ್ರಸಂಗಗಳು ಪ್ರಿಯವಾದ್ದರಿಂದ, ಇಂಥ ರಾಕ್ಷಸಿಯರ ಮೋಹವೂ ಅಳಲೂ ಹಳ್ಳಿಯ ಪ್ರೇಕ್ಷಕರಿಗೆ ಹೊಸದಲ್ಲ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಿಡಿಂಬಿ ಭೀಮನನ್ನೂ ಅವನಿಂದಾಗಿ ಅವನ ತಾಯಿಯನ್ನೂ ಸೋದರರನ್ನೂ ಉಳಿಸುತ್ತಾಳೆ, ಕುಂತಿ ಅವಳನ್ನು ಸೊಸೆಯಾಗಿ ಒಪ್ಪುತ್ತಾಳೆ, ಘಟೋತ್ಕಚ ಹುಟ್ಟುತ್ತಾನೆ. ಆದರೆ ನಾಳೆ ಅದೇ ಕಾಡಿಗೆ ಬೇರೊಬ್ಬ ದಾರಿಹೋಕ ಬಂದರೆ ಅವಳೇನು ಮಾಡುತ್ತಾಳೆಂಬುದು ಕಥೆಯಲ್ಲಿ ಪ್ರಶ್ನೆಯಾಗಿಯೇ ಏಳುವುದಿಲ್ಲ. ಅವಳ ಮೋಹ ಒಂದು ವಿನಾಯಿತಿಯನ್ನು ಹುಟ್ಟಿಸಿತು, ವ್ರತವನ್ನಲ್ಲ.

‘ಗೋವಿನ ಹಾಡು’ ಈ ವಿಷಯದಲ್ಲಿ ಬೇರೊಂದು ದಾರಿ ಹಿಡಿಯುತ್ತದೆ. ಕರುವಿಗೆ ಹಾಲೂಡಿ ಬರುವೆನೆಂದು ಮಾತು ಕೊಟ್ಟುಹೋದ ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದಾಗ, ಹಸಿದಿದ್ದ ಹುಲಿಯ ಮನಸ್ಸು ತಿರುಗುತ್ತದೆ. ಹಾಗೆ ತಿರುಗಲು ಕಾರಣ ಹಸುವಿನ ಚೆಲುವಲ್ಲ, ಅದರ ಮೇಲಿನ ಮೋಹವೂ ಅಲ್ಲ, ಅದರ ಸತ್ಯ. ಹುಲಿ ಹಸುವನ್ನು ಒಡಹುಟ್ಟಿದವಳೆಂದು ಭಾವಿಸುತ್ತದೆ, ಮತ್ತು ಇಂಥವಳನ್ನು ತಿಂದು ಬದುಕಲು ಹೊರಟಿದ್ದ ತನ್ನ ಬಾಳನ್ನೇ ಕಂಡು ಹೇಸಿ ಪ್ರಾಣ ಬಿಡುತ್ತದೆ. ಪದ್ಮಪುರಾಣದಲ್ಲಿರುವ ಇಂಥದೇ ಕಥೆಯ ಹುಲಿ ಶಾಪಗ್ರಸ್ತನಾದ ಪ್ರಭಂಜನನೆಂಬ ರಾಜ. ಹಸುವಿನ ಸತ್ಯದಿಂದ ಅವನಿಗೆ ಶಾಪ ಕಳೆಯುತ್ತದೆ. ಕನ್ನಡದ ಹುಲಿಗೆ ಆ ಸೌಲಭ್ಯವಿಲ್ಲ, ಅದು ಹುಲಿಯಾಗಿಯೇ ಸಾಯುತ್ತದೆ. ಹುಲಿಯೇಕೆ ಸಾಯಬೇಕು, ಮಾಂಸ ತಿನ್ನುವುದು ಅದಕ್ಕೆ ಸೃಷ್ಟಿ ಕೊಟ್ಟ ಧರ್ಮವಲ್ಲವೇ ಎಂದು ಶಾಲೆಯಲ್ಲಿ ಪದ್ಯ ಕೇಳಿದ ಮಕ್ಕಳು ಕೇಳುವ ಪ್ರಶ್ನೆ ಚಿಕ್ಕದಲ್ಲ; ತನ್ನ ಸ್ವಭಾವವನ್ನು ತಾನು ಆರಿಸಿಕೊಳ್ಳದ ಜೀವಿಗೆ ಪಾಪವನ್ನು ಹೊರಿಸಬಹುದೇ ಎಂಬ ಪ್ರಶ್ನೆಯೇ ಅದು. ಆದರೂ ಆ ಹಾಡಿನ ಹುಲಿ ಈ ಹಸುವೊಂದನ್ನು ಬಿಟ್ಟು ನಾಳೆ ಇನ್ನೊಂದನ್ನು ಹಿಡಿಯುವ ಯೋಚನೆ ಮಾಡುವುದಿಲ್ಲ. ಒಬ್ಬಳಲ್ಲಿ ಕಂಡ ಒಡಹುಟ್ಟನ್ನು ಅದು ಮಿಕ್ಕವರಲ್ಲಿ ಕಾಣದಿರಲಾರದು, ಹಾಗೆ ಕಂಡಮೇಲೆ ಅದಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಈ ಕಠೋರವಾದ ತರ್ಕಕ್ಕೆ ಹೆದರಿಯೇ ಆಧುನಿಕ ಕಾದಂಬರಿ ಕಾಡುಪ್ರಾಣಿಯ ರಕ್ತವೆಂಬ ಮಧ್ಯಮಾರ್ಗವನ್ನು ಕಂಡುಕೊಂಡಿತೆನ್ನಬೇಕು.

ಬದಲಿ ಆಹಾರದಿಂದ ಹಿಂಸೆ ನಿಜವಾಗಿ ನಿಲ್ಲುತ್ತದೆಯೇ ಎಂಬುದನ್ನು ಕನ್ನಡದಲ್ಲಿ ಜನ್ನನಷ್ಟು ಆಳವಾಗಿ ಶೋಧಿಸಿದ ಕವಿ ಮತ್ತೊಬ್ಬನಿಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಆತ 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ಅದರಲ್ಲಿ ಉಜ್ಜಯಿನಿಯ ಅರಸ ಯಶೋಧರನು ತನ್ನ ರಾಣಿ ಅಮೃತಮತಿ ಕುರೂಪಿಯಾದ ಮಾವುತನೊಬ್ಬನ ಹಾಡಿಗೆ ಮನಸೋತು ಅವನ ಬಳಿಗೆ ಹೋಗುವುದನ್ನು ಕಣ್ಣಾರೆ ಕಾಣುತ್ತಾನೆ. ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ತಾಯಿಯ ಮುಂದೆ ನೆಪ ಹೂಡಿದಾಗ, ದೇವಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವ ತೆಗೆಯಲು ಒಪ್ಪದ ಮಗನಿಗೂ ಬಲಿ ಬಿಡಲೊಪ್ಪದ ತಾಯಿಗೂ ನಡುವೆ ಆದ ಒಪ್ಪಂದವೇ ಹಿಟ್ಟಿನ ಕೋಳಿ. ನಿಜವಾದ ಹುಂಜವೆಂಬಂತೆ ಬಣ್ಣ ತುಂಬಿ ಮಾಡಿದ ಆ ಬೊಂಬೆಯ ಚಂದಕ್ಕೆ ಮರುಳಾಗಿ ಬೆಂತರವೊಂದು, ಎಂದರೆ ಅಲೆದಾಡುವ ಕ್ಷುದ್ರ ದೇವತೆಯೊಂದು, ಅದರೊಳಗೆ ಸೇರಿಕೊಂಡಿರುತ್ತದೆ; ಅರಸನ ಕತ್ತಿ ಕತ್ತಿನ ಮೇಲೆ ಬಿದ್ದೊಡನೆ ಹಿಟ್ಟಿನ ಕೋಳಿ ಕೂಗಿಕೊಳ್ಳುತ್ತದೆ. ಆ ಕೂಗಿನಲ್ಲಿ ಯಶೋಧರನಿಗೆ ತಾನು ಮಾಡಿದ್ದೇನೆಂಬುದು ತಿಳಿಯುತ್ತದೆ. ಮುಂದೆ ರಾಣಿ ಉಣಿಸಿದ ವಿಷದಿಂದ ಸತ್ತ ತಾಯಿಮಕ್ಕಳು ನವಿಲು, ನಾಯಿ, ಮೀನು, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಿ, ಹಲವು ಬಾರಿ ಇತರರ ಬಾಯಿಗೆ ತುತ್ತಾಗುತ್ತಾರೆ. ಕನ್ನಡದ ವಿಮರ್ಶೆ ಅಮೃತಮತಿಯ ಮೋಹದ ಬಗೆಗೆ ತೋರಿದ ಕುತೂಹಲವನ್ನು ಆ ಕೋಳಿಯ ಕೂಗಿನ ಬಗೆಗೆ ತೋರಲಿಲ್ಲವೆಂಬುದು ವಿಷಾದದ ಸಂಗತಿ.

ಜೈನ ದರ್ಶನ ಹಿಂಸೆಯನ್ನು ದ್ರವ್ಯಹಿಂಸೆ ಮತ್ತು ಭಾವಹಿಂಸೆ ಎಂದು ಎರಡಾಗಿ ಕಾಣುತ್ತದೆ. ದೇಹಕ್ಕೆ ಒದಗುವ ಕೇಡು ದ್ರವ್ಯಹಿಂಸೆ. ಕೊಲ್ಲಬೇಕೆಂಬ ರಾಗದ್ವೇಷದ ಪರಿಣಾಮ ಮನಸ್ಸಿನಲ್ಲಿ ಮೂಡಿದರೆ ಅದೇ ಭಾವಹಿಂಸೆ. ಬೇಕೆಂದೇ ಮಾಡುವ ಸಂಕಲ್ಪಹಿಂಸೆಯನ್ನು ಗೃಹಸ್ಥನೂ ಬಿಡಲೇಬೇಕೆಂಬುದು ಆ ಧರ್ಮದ ಕಟ್ಟಳೆ. ಹಿಟ್ಟಿಗೆ ಜೀವವಿರಲಿಲ್ಲ, ಆದರೆ ಕತ್ತಿ ಎತ್ತಿದ ಕೈಗೆ ಸಂಕಲ್ಪವಿತ್ತು. ಇಂದಿಗೂ ಈ ಸೀಮೆಯಲ್ಲಿ ಮನೆಯ ಪ್ರವೇಶಕ್ಕೋ ಆಯುಧಪೂಜೆಗೋ ಬೂದುಗುಂಬಳಕಾಯಿಯ ತಲೆಯ ಭಾಗದಲ್ಲಿ ಬಿಲ್ಲೆ ಕೊರೆದು, ಒಳಗೆ ಕುಂಕುಮವನ್ನೂ ಚಿಲ್ಲರೆ ಕಾಸನ್ನೂ ತುಂಬಿ, ಮೇಲೆ ಕರ್ಪೂರ ಹಚ್ಚಿ ಮೂರು ಸುತ್ತು ನಿವಾಳಿಸಿ ನೆಲಕ್ಕೆ ಅಪ್ಪಳಿಸಿದಾಗ ಕೆಂಪು ತಿರುಳು ರಸ್ತೆಯ ಮೇಲೆ ಚೆಲ್ಲುತ್ತದೆ. ಗುಡಿಯ ಆವರಣದ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ ರಾಜ್ಯದಲ್ಲಿ 1959ರಲ್ಲೇ ಬಂದಿದ್ದರೂ, ಈ ಬದಲಿ ಪದ್ಧತಿ ಕಾಯ್ದೆಗಿಂತ ಎಷ್ಟೋ ಹಳೆಯದು. ಜನ್ನನ ನಿಷ್ಠುರತೆಯಿಂದ ನೋಡಿದರೆ ಇದೂ ಹಿಟ್ಟಿನ ಕೋಳಿಯೇ. ಆದರೆ ಒಂದು ಕುರಿ ನಿಜವಾಗಿ ಬದುಕಿ ಉಳಿಯುತ್ತದೆ, ಆ ಕುರಿಯ ಕಡೆಯಿಂದ ನೋಡಿದಾಗ ಇದನ್ನು ಬರಿಯ ನಟನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಸಂಕಲ್ಪವೇ ಎಲ್ಲವೂ ಎನ್ನುವ ವಾದ ಕೊಲ್ಲುವವನ ಆತ್ಮದ ಚಿಂತೆಯಲ್ಲಿ ಮುಳುಗಿ, ಉಳಿದುಕೊಂಡ ಪ್ರಾಣಿಯನ್ನು ಮರೆಯುವ ಅಪಾಯವೂ ಇದೆ.

ಎಡ್ವರ್ಡನ ಪರವಾದ ಓದುಗರಿಗೆ ಈ ಮಾತು ಅನುಕೂಲವಾದುದೇ. ಅವನ ಬಾಯಾರಿಕೆ ತೀರಲಿಲ್ಲ, ನಿಜ. ವಿಷಯಗಳಿಂದ ದೂರವಿದ್ದವನಿಗೂ ಅವುಗಳ ರುಚಿ ಒಳಗೆ ಉಳಿದಿರುತ್ತದೆ, ಪರತತ್ತ್ವದ ದರ್ಶನವಾದಾಗಲೇ ಅದು ಅಳಿಯುತ್ತದೆ ಎಂದು ಭಗವದ್ಗೀತೆಯ ಎರಡನೆಯ ಅಧ್ಯಾಯ ಒಪ್ಪಿಕೊಳ್ಳುತ್ತದೆ. ಇಂದ್ರಿಯಗಳನ್ನು ಹಿಡಿದಿಟ್ಟು ಮನಸ್ಸಿನಲ್ಲಿ ವಿಷಯಗಳನ್ನೇ ನೆನೆಯುವವನನ್ನು ಮೂರನೆಯ ಅಧ್ಯಾಯ ಮಿಥ್ಯಾಚಾರಿಯೆಂದು ಕರೆದಿದೆಯಾದರೂ, ತನ್ನ ಬಯಕೆಯನ್ನು ಮುಚ್ಚಿಡದೆ ಪ್ರೇಯಸಿಯ ಎದುರಿಗೇ ಹೇಳಿಕೊಳ್ಳುವ ಎಡ್ವರ್ಡನಿಗೆ ಆ ಹೆಸರು ಪೂರ್ತಿಯಾಗಿ ಒಪ್ಪುವುದಿಲ್ಲ. ಬಾಯಾರಿಕೆಯೇ ಇಲ್ಲದವನ ಅಹಿಂಸೆಗಿಂತ ಬಾಯಾರಿಕೆಯಿದ್ದೂ ತಡೆದವನ ಅಹಿಂಸೆ ಸಾಧನೆಯ ದೃಷ್ಟಿಯಿಂದ ಹೆಚ್ಚಿನದೆಂದು ಧಾರಾಳವಾಗಿ ಒಪ್ಪಬಹುದು. ತನಗೆ ಆತ್ಮವೇ ಉಳಿದಿಲ್ಲವೆಂದು ಅವನು ಅಳುಕುವುದೂ, ಒಳ್ಳೆಯದನ್ನು ಮಾಡಲು ಹೆಣಗುವವನಿಗೆ ಆತ್ಮವಿಲ್ಲದೆ ಇದ್ದೀತೇ ಎಂಬ ಭರವಸೆಯನ್ನು ಕಾರ್ಲೈಲ್ ಬಿಡದಿರುವುದೂ ಆ ಸರಣಿಯ ಅತ್ಯಂತ ಗಂಭೀರವಾದ ಭಾಗಗಳು.

ಕಾದಂಬರಿ ಸೋಲುವುದು ಸಂಯಮದ ವಿಷಯದಲ್ಲಲ್ಲ, ಅಭಯದ ವಿಷಯದಲ್ಲಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಜೈನರು ಹೇಳುತ್ತಾರೆ. ಇವುಗಳಲ್ಲಿ ಅಭಯದಾನವೆಂದರೆ ನನ್ನಿಂದ ನಿನಗೆ ಭಯ ಬೇಡವೆಂದು ಜೀವಿಗೆ ಮಾತು ಕೊಡುವುದು, ಮತ್ತು ಈ ಮಾತನ್ನು ಆಯ್ದ ಒಬ್ಬರಿಗೆ ಮಾತ್ರ ಕೊಟ್ಟರೆ ಅದು ದಾನವೆನಿಸುವುದಿಲ್ಲ. ಸರಣಿಯ ಕೊನೆಯ ಪುಸ್ತಕ ‘ಬ್ರೇಕಿಂಗ್ ಡಾನ್’ನಲ್ಲಿ ಬೆಲ್ಲಾ ಮಗಳನ್ನು ಹೆತ್ತು ತಾನೂ ರಕ್ತಪಿಪಾಸುವಾಗುತ್ತಾಳೆ; ಆ ಮಗುವಿನ ಪ್ರಾಣಕ್ಕೆ ಕಂಟಕ ಬಂದಾಗ ಸಾಕ್ಷಿ ನುಡಿಯಲೆಂದು ದೂರದೂರದ ರಕ್ತಪಿಪಾಸುಗಳನ್ನು ಮನೆಗೆ ಸೇರಿಸಲಾಗುತ್ತದೆ. ಆ ಅತಿಥಿಗಳಲ್ಲಿ ಹೆಚ್ಚಿನವರು ಮನುಷ್ಯರನ್ನೇ ಕೊಂದು ತಿನ್ನುವವರು. ಈ ಸುತ್ತಮುತ್ತ ಬೇಟೆಯಾಡಬೇಡಿರೆಂದು ಅವರನ್ನು ಕೇಳಿಕೊಳ್ಳಲಾಗುತ್ತದೆ; ದೂರ ಹೋಗಿ ಬೇಟೆಯಾಡಿ ಬರಲು ಎಡ್ವರ್ಡನೇ ಅವರಿಗೆ ತನ್ನ ಮನೆಯ ಕಾರುಗಳನ್ನು ಕೊಡುತ್ತಾನೆ. ಬೆಲ್ಲಾಳಿಗೆ ಕಸಿವಿಸಿಯಾಗುತ್ತದೆ, ಆದರೆ ಇಲ್ಲಿಗೆ ಬಾರದಿದ್ದರೂ ಅವರು ಎಲ್ಲೋ ಒಂದು ಕಡೆ ಕೊಲ್ಲುತ್ತಲೇ ಇರುತ್ತಿದ್ದರಲ್ಲವೇ ಎಂದು ಅವಳು ತನ್ನನ್ನು ಸಮಾಧಾನಪಡಿಸಿಕೊಳ್ಳುತ್ತಾಳೆ. ಆ ಕಾರುಗಳು ತಲುಪಿದ ಊರುಗಳಲ್ಲಿ ಸತ್ತವರಿಗೆ ಪುಸ್ತಕದಲ್ಲಿ ಹೆಸರಿಲ್ಲ, ಮುಖವಿಲ್ಲ. ಪ್ರೇಮಕಥೆಯನ್ನು ಮೆಚ್ಚಿದವರಾಗಲಿ ತೆಗಳಿದವರಾಗಲಿ ಅವರಿಗಾಗಿ ಮರುಗಿದ್ದು ವಿರಳ.

‘ಯಶೋಧರ ಚರಿತೆ’ಯ ಹೊರಗಥೆಯಲ್ಲಿ ಮಾರಿದತ್ತನೆಂಬ ಅರಸನು ಚಂಡಮಾರಿಯ ಜಾತ್ರೆಯಲ್ಲಿ ಬಲಿ ಕೊಡಲೆಂದು ಎಳೆಯ ಪ್ರಾಯದ ಅಣ್ಣತಂಗಿಯರಿಬ್ಬರನ್ನು ಹಿಡಿತರಿಸುತ್ತಾನೆ. ಅಭಯರುಚಿ, ಅಭಯಮತಿ ಎಂಬುದು ಅವರ ಹೆಸರು. ಅವರ ರೂಪವನ್ನೂ ಅಂಜದ ನಿಲುವನ್ನೂ ಕಂಡು ಅರಸನ ಮನಸ್ಸು ಕರಗುತ್ತದೆ. ಕವಿ ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಚೆಲುವಾದ ಇಬ್ಬರು ಉಳಿದು, ಬಲಿಗೆಂದು ಕೂಡಿಹಾಕಿದ ಮಿಕ್ಕ ಜೀವಗಳು ಕತ್ತಿಗೆ ಸಿಗುತ್ತಿದ್ದವು. ಜನ್ನ ಹಾಗೆ ಮಾಡದೆ, ಯಶೋಧರನಾಗಿದ್ದು ಮುಂದೆ ನವಿಲಾಗಿ, ಮೀನಾಗಿ, ಆಡಾಗಿ ಕೊಲೆಗೆ ಈಡಾದ ತನ್ನ ಹಿಂದಿನ ಜನ್ಮಗಳ ಕಥೆಯನ್ನು ಆ ಹುಡುಗನ ಬಾಯಿಂದಲೇ ಅರಸನಿಗೆ ಕೇಳಿಸುತ್ತಾನೆ, ಮತ್ತು ಕಥೆ ಮುಗಿಯುವಾಗ ಮಾರಿದತ್ತನು ಆ ಇಬ್ಬರನ್ನು ಬಿಡುವುದರ ಜೊತೆಗೆ ಬಲಿಯನ್ನೇ ಬಿಡುತ್ತಾನೆ.